ಕೈಯಿಂದ ಓಡಿಸಿದರೆ ಸರಿ, ಕ್ರಾನ್ ಓಡಿಸಿದರೆ ಖಾಲಿ ಫೈಲ್: ನಿಗದಿತ ಕೆಲಸಗಳನ್ನು ನಂಬುವುದು ಹೇಗೆ?

ಕಡತಪಾಲಕ

ಒಂದು ಲಿನಕ್ಸ್ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಯುತ್ತಿದೆ. ಪ್ರತಿ ರಾತ್ರಿ ಅದರ ನಕಲು ತೆಗೆದು, ಜಿಜಿಪ್‌ನಿಂದ ಕುಗ್ಗಿಸಿ, ಬೇರೊಂದು ಡಿಸ್ಕ್‌ಗೆ ಬರೆಯುವ ಪುಟ್ಟ ಶೆಲ್ ಸ್ಕ್ರಿಪ್ಟ್ ಇದೆ. ಟರ್ಮಿನಲ್‌ನಲ್ಲಿ ನಾನೇ ಓಡಿಸಿದಾಗ ಯಾವ ತಕರಾರೂ ಇಲ್ಲ. ನಿಗದಿತ ವೇಳೆಗೆ ಆದೇಶಗಳನ್ನು ತಾನಾಗಿ ಓಡಿಸುವ ಕ್ರಾನ್ ಸೇವೆಯ ವೇಳಾಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಹೀಗೆ ಬರೆದಿದ್ದೇನೆ:

30 2 * * * /ಆಪ್ಟ್/ಕೆಲಸ/ನಕಲು.ಎಸ್‌ಎಚ್

ರಾತ್ರಿ ಎರಡೂವರೆಗೆ ಸರಿಯಾಗಿ ಫೈಲ್ ಹುಟ್ಟುತ್ತದೆ, ಆದರೆ ಗಾತ್ರ 20 ಬೈಟ್. ಪ್ರತಿ ದಿನವೂ ಅದೇ 20. ಬಿಚ್ಚಿದರೆ ಒಳಗೆ ಏನೂ ಇಲ್ಲ. ದೋಷದ ಸಂದೇಶ ಎಲ್ಲಿಯೂ ಕಾಣುತ್ತಿಲ್ಲ. ಅನುಮತಿಗಳನ್ನು ನೋಡಿದೆ, ಸರಿಯಾಗಿವೆ. ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದೆ. ಇನ್ನೆಲ್ಲಿ ಹುಡುಕಬೇಕು?

ಹಳೆಯಟರ್ಮಿನಲ್

ಆ 20 ಬೈಟ್‌ಗಳೇ ದೊಡ್ಡ ಸುಳಿವು. ಪೈಪ್ (ಒಂದು ಆದೇಶದ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಉಣಿಸುವ ಕೊಂಡಿ) ಮೂಲಕ ಒಂದಕ್ಷರವೂ ಬರದಿದ್ದರೂ ಜಿಜಿಪ್ ತನ್ನ ತಲೆಬರಹ, ಕೊನೆಯ ತಾಳೆಸಂಖ್ಯೆ ಎಲ್ಲವನ್ನೂ ಸೇರಿಸಿ 20 ಬೈಟ್‌ಗಳ ಕ್ರಮಬದ್ಧ ಫೈಲ್ ಒಂದನ್ನು ಕೊಡುತ್ತದೆ. ಅಂದರೆ ಜಿಜಿಪ್ ಓಡಿದೆ, ಅದಕ್ಕೆ ಮಾಹಿತಿ ಉಣಿಸಬೇಕಿದ್ದ ಪಿಜಿ_ಡಂಪ್, ಅಂದರೆ ಪೋಸ್ಟ್‌ಗ್ರೆಸ್‌ನ ನಕಲು ತೆಗೆಯುವ ಆದೇಶ, ಓಡಿಲ್ಲ.

ಏಕೆ ಓಡಿಲ್ಲ ಎಂಬುದಕ್ಕೆ ನನ್ನ ಊಹೆ ಪಾಥ್. ನೀವು ಲಾಗಿನ್ ಆದಾಗ ಶೆಲ್ ನಿಮ್ಮ ಪ್ರೊಫೈಲ್ ಫೈಲ್‌ಗಳನ್ನು ಓದಿ, ಆದೇಶಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯನ್ನು ಉದ್ದ ಮಾಡಿಕೊಂಡಿರುತ್ತದೆ. ಕ್ರಾನ್ ಅವುಗಳಲ್ಲಿ ಒಂದನ್ನೂ ಓದುವುದಿಲ್ಲ. ಡೆಬಿಯನ್‌ನಂಥ ವ್ಯವಸ್ಥೆಗಳಲ್ಲಿ ಅದು ಕೊಡುವ ಪಾಥ್ ಎಂದರೆ /ಯುಎಸ್‌ಆರ್/ಬಿನ್ ಮತ್ತು /ಬಿನ್, ಅಷ್ಟೇ. ಶೆಲ್ ಕೂಡ ಬ್ಯಾಶ್ ಅಲ್ಲ, ಸರಳವಾದ ಎಸ್‌ಎಚ್. ಪೋಸ್ಟ್‌ಗ್ರೆಸ್ ಅನ್ನು ಸೋರ್ಸ್‌ನಿಂದ ಕಟ್ಟಿಕೊಂಡಿದ್ದರೆ ಅದರ ಆದೇಶಗಳು ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್/ಪಿಜಿಎಸ್‌ಕ್ಯೂಎಲ್/ಬಿನ್ ಒಳಗೆ ಇರುತ್ತವೆ. ಅದು ಕ್ರಾನ್‌ನ ಕಣ್ಣಿಗೆ ಬೀಳುವುದೇ ಇಲ್ಲ.

ಊಹೆಯನ್ನು ಪರೀಕ್ಷಿಸುವುದು ಸುಲಭ. ಪರಿಸರದ ಚರಾಂಶಗಳನ್ನೆಲ್ಲ ಪಟ್ಟಿ ಮಾಡುವ ಎನ್ವ್ ಎಂಬ ಆದೇಶವನ್ನು ಪ್ರತಿ ನಿಮಿಷ ಓಡಿಸುವ ಒಂದು ತಾತ್ಕಾಲಿಕ ಸಾಲು ಹಾಕಿ, ಅದರ ಔಟ್‌ಪುಟ್ ಅನ್ನು ಫೈಲ್‌ಗೆ ತಿರುಗಿಸಿ. ಒಂದು ನಿಮಿಷ ಕಾಯಿರಿ. ಬಳಿಕ ನಿಮ್ಮ ಟರ್ಮಿನಲ್‌ನಲ್ಲಿ ಅದೇ ಆದೇಶ ಕೊಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಟರ್ಮಿನಲ್‌ನಲ್ಲಿ ಪರದೆ ತುಂಬ ಚರಾಂಶಗಳು, ಕ್ರಾನ್‌ನಲ್ಲಿ ಬೆರಳೆಣಿಕೆಯಷ್ಟು. ಕೈಯಿಂದ ಓಡುತ್ತದೆ, ಕ್ರಾನ್‌ನಿಂದ ಓಡುವುದಿಲ್ಲ ಎಂಬ ದೂರುಗಳಲ್ಲಿ ಬಹುಪಾಲು ಈ ವ್ಯತ್ಯಾಸದಲ್ಲೇ ಬಗೆಹರಿಯುತ್ತವೆ.

ಪರಿಹಾರ: ಸ್ಕ್ರಿಪ್ಟ್‌ನೊಳಗೆ ಪ್ರತಿ ಆದೇಶಕ್ಕೂ ಪೂರ್ಣ ದಾರಿ ಬರೆಯಿರಿ, ಇಲ್ಲವೇ ಸ್ಕ್ರಿಪ್ಟ್‌ನ ತಲೆಯಲ್ಲೇ ಪಾಥ್ ಅನ್ನು ಸ್ಪಷ್ಟವಾಗಿ ಹೊಂದಿಸಿ. ಕ್ರಾನ್ ಪ್ರೊಫೈಲ್ ಫೈಲ್ ಓದುವಂತೆ ಮಾಡುವ ಉಪಾಯಗಳೂ ಉಂಟು. ನನಗೆ ಅವು ಹಿಡಿಸುವುದಿಲ್ಲ. ಯಾರೋ ತಮ್ಮ ಪ್ರೊಫೈಲ್‌ನಲ್ಲಿ ಒಂದು ಸಾಲು ಬದಲಿಸಿದ್ದಕ್ಕೆ ರಾತ್ರಿಯ ಕೆಲಸ ಮುರಿಯಬಾರದು.

ಬಿಂದುರೇಖೆ

ಸಂದೇಶ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ: ಕೆಲಸವೊಂದು ಏನಾದರೂ ಮುದ್ರಿಸಿದರೆ ಕ್ರಾನ್ ಅದನ್ನು ಆ ಬಳಕೆದಾರನಿಗೆ ಮೇಲ್ ಮಾಡಲು ಹೊರಡುತ್ತದೆ. ಸರ್ವರ್‌ನಲ್ಲಿ ಮೇಲ್ ಕಳಿಸುವ ತಂತ್ರಾಂಶವೇ ಇಲ್ಲದಿದ್ದರೆ ಎಸೆದುಬಿಡುತ್ತದೆ. ಡೆಬಿಯನ್, ಉಬುಂಟು ಬಳಸುತ್ತಿದ್ದರೆ ಸಿಸ್ಟಮ್ ಲಾಗ್‌ನಲ್ಲಿ ಕ್ರಾನ್ ಎಂದು ಹುಡುಕಿ. ಎಂಟಿಎ (ಮೇಲ್ ಕಳಿಸುವ ತಂತ್ರಾಂಶ) ಇಲ್ಲ, ಆದ್ದರಿಂದ ಔಟ್‌ಪುಟ್ ಅನ್ನು ಬಿಸಾಡುತ್ತಿದ್ದೇನೆ ಎಂಬರ್ಥದ ಸಾಲು ಸಿಗುತ್ತದೆ. ನಿಮ್ಮ ದೋಷಸಂದೇಶಕ್ಕೆ ಉಳಿದಿರುವ ಗುರುತು ಅದೊಂದೇ.

ಕಡತಪಾಲಕ

ಇಬ್ಬರ ಮಾತೂ ಸರಿ. ಪೋಸ್ಟ್‌ಗ್ರೆಸ್ ಅನ್ನು ಸೋರ್ಸ್‌ನಿಂದಲೇ ಕಟ್ಟಿದ್ದು. ಪೂರ್ಣ ದಾರಿ ಬರೆದ ಮೇಲೆ ಫೈಲ್ ತುಂಬಿಕೊಂಡು ಬಂದಿದೆ. ಲಾಗ್‌ನಲ್ಲಿ ಬಿಂದುರೇಖೆ ಹೇಳಿದ ಸಾಲು ರಾತ್ರಿಗೊಂದರಂತೆ ಸಾಲಾಗಿ ಕೂತಿದೆ.

ಆದರೆ ಒಂದು ವಿಷಯ ಕೊರೆಯುತ್ತಿದೆ. ಸ್ಕ್ರಿಪ್ಟ್‌ನ ಮೊದಲಲ್ಲೇ ಯಾವುದಾದರೂ ಆದೇಶ ಸೋತರೆ ಅಲ್ಲೇ ನಿಲ್ಲು ಎಂಬ ಸೂಚನೆ ಕೊಟ್ಟಿದ್ದೆ. ಪಿಜಿ_ಡಂಪ್ ಸಿಗದೇ ಇದ್ದಾಗ ಅದೇಕೆ ನಿಲ್ಲಲಿಲ್ಲ? ಕೊನೆಯವರೆಗೂ ಓಡಿ, ಎಲ್ಲ ಮುಗಿಯಿತು ಎಂಬಂತೆ ನಿರ್ಗಮನ ಸಂಕೇತ 0 ಕೊಟ್ಟಿದೆ.

ಹಳೆಯಟರ್ಮಿನಲ್

ಪೈಪ್‌ನಿಂದ ಜೋಡಿಸಿದ ಆದೇಶಗಳ ನಿರ್ಗಮನ ಸಂಕೇತವೆಂದರೆ ಕೊನೆಯ ಆದೇಶದ ಸಂಕೇತ. ಇಲ್ಲಿ ಕೊನೆಯದು ಜಿಜಿಪ್. ಅದಕ್ಕೆ ಖಾಲಿ ಒಳಹರಿವು ದೋಷವಲ್ಲ, ಹಾಗಾಗಿ 0. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಸರಪಳಿಯ ಯಾವ ಕೊಂಡಿ ಸೋತರೂ ಇಡೀ ಸರಪಳಿ ಸೋತಂತೆ. ಸ್ಕ್ರಿಪ್ಟ್‌ನ ಮೊದಲ ಸಾಲು ಬ್ಯಾಶ್ ಅನ್ನೇ ಕರೆಯುತ್ತಿದೆಯೇ ನೋಡಿಕೊಳ್ಳಿ. ಹಳೆಯ ಎಸ್‌ಎಚ್‌ಗಳಿಗೆ ಈ ಆಯ್ಕೆ ಗೊತ್ತಿಲ್ಲ.

ಇನ್ನೊಂದು ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಿ. ನಕಲನ್ನು ನೇರವಾಗಿ ಅಂತಿಮ ಹೆಸರಿಗೆ ಬರೆಯಬೇಡಿ. ಅದೇ ಡಿಸ್ಕ್‌ನಲ್ಲಿ ತಾತ್ಕಾಲಿಕ ಹೆಸರಿಗೆ ಬರೆದು, ಜಿಜಿಪ್‌ನ ಪರೀಕ್ಷೆ ಪಾಸಾಗಿ, ಗಾತ್ರ ಒಂದು ಕನಿಷ್ಠ ಮಿತಿ ದಾಟಿದ ಮೇಲಷ್ಟೇ ಅಂತಿಮ ಹೆಸರಿಗೆ ಬದಲಿಸಿ. ಒಂದೇ ಫೈಲ್‌ಸಿಸ್ಟಮ್ ಒಳಗೆ ಹೆಸರು ಬದಲಿಸುವುದು ಅರ್ಧಕ್ಕೆ ನಿಲ್ಲುವ ಕೆಲಸವಲ್ಲ. ಆಗುತ್ತದೆ ಅಥವಾ ಆಗುವುದಿಲ್ಲ. ಹೀಗೆ ಮಾಡಿದರೆ ಅಂತಿಮ ಹೆಸರಿನ ಫೈಲ್ ಇದೆ ಎಂಬುದಕ್ಕೆ ಒಂದು ಅರ್ಥ ಬರುತ್ತದೆ. ಗಾತ್ರದ ಮಿತಿಯನ್ನು ಬಿಡಬೇಡಿ: ಜಿಜಿಪ್‌ನ ಪರೀಕ್ಷೆಯನ್ನು ನಿಮ್ಮ 20 ಬೈಟ್‌ಗಳ ಫೈಲ್ ಕೂಡ ಪಾಸು ಮಾಡುತ್ತದೆ.

ದತ್ತಾಂಶದೀಪ

ಇಲ್ಲಿಯವರೆಗಿನ ಸಲಹೆಗಳೆಲ್ಲ ಸರಿ. ಆದರೆ ಅವೆಲ್ಲ ಕೆಲಸ ಶುರುವಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಶುರುವೇ ಆಗದಿದ್ದರೆ? ಸರ್ವರ್ ರಾತ್ರಿ ಎರಡೂವರೆಗೆ ಆಫ್ ಆಗಿತ್ತು. ಕ್ರಾನ್ ಸೇವೆಯೇ ನಿಂತಿತ್ತು. ಹೊಸ ಯಂತ್ರಕ್ಕೆ ಎಲ್ಲವನ್ನೂ ಸಾಗಿಸಿದವರು ಕ್ರಾನ್‌ಟ್ಯಾಬ್ ಸಾಗಿಸಲು ಮರೆತರು. ಪಾಸ್‌ವರ್ಡ್ ಅವಧಿ ಮುಗಿದ ಖಾತೆಯ ಕೆಲಸಗಳನ್ನು ವ್ಯವಸ್ಥೆ ನಿರಾಕರಿಸಿತು. ಇವುಗಳಲ್ಲಿ ನಿಮ್ಮ ಸ್ಕ್ರಿಪ್ಟ್‌ನ ಒಂದು ಸಾಲೂ ಓಡುವುದಿಲ್ಲ. ಸ್ಕ್ರಿಪ್ಟ್ ಒಳಗೆ ಎಷ್ಟೇ ಜಾಣತನದ ದೋಷನಿರ್ವಹಣೆ ಇದ್ದರೂ ಅದು ಬಾಯಿ ತೆರೆಯುವುದಿಲ್ಲ.

ನಿಗದಿತ ಕೆಲಸಗಳಿಗೂ ಉಳಿದ ತಂತ್ರಾಂಶಕ್ಕೂ ಇರುವ ಮುಖ್ಯ ಅಂತರ ಇದು. ಜಾಲತಾಣ ಕೆಟ್ಟರೆ ಅರ್ಧ ಗಂಟೆಯೊಳಗೆ ಯಾರಾದರೂ ದೂರುತ್ತಾರೆ. ರಾತ್ರಿಯ ಬ್ಯಾಕಪ್ ಕೆಟ್ಟರೆ ದೂರುವವರೇ ಇಲ್ಲ. ಅದು ಬೇಕಾಗುವ ದಿನದವರೆಗೂ ಯಾರೂ ಅತ್ತ ನೋಡುವುದಿಲ್ಲ.

ತಂತ್ರಾಂಶಗಳ ಸೋರ್ಸ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಗೆ 2017ರ ಜನವರಿ 31ರಂದು ಆದದ್ದನ್ನು ಎಲ್ಲರೂ ಓದಬೇಕು. ಅವರೇ ಅದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದಾರೆ, ಅದಕ್ಕಾಗಿ ನನಗೆ ಅವರ ಮೇಲೆ ಗೌರವವಿದೆ. ದುರಸ್ತಿಯ ನಡುವೆ ಮುಖ್ಯ ಡೇಟಾಬೇಸ್‌ನ ಸುಮಾರು 300 ಗಿಗಾಬೈಟ್ ಡೈರೆಕ್ಟರಿ ಅಳಿಸಿಹೋಯಿತು. ಬ್ಯಾಕಪ್ ತೆಗೆಯೋಣ ಎಂದು ಹೋದರೆ ಸಂಗ್ರಹ ಖಾಲಿ. ನಿಗದಿತ ಪಿಜಿ_ಡಂಪ್ ಕೆಲಸ 9.2 ಆವೃತ್ತಿಯ ಆದೇಶವನ್ನು ಬಳಸುತ್ತಿತ್ತು, ಡೇಟಾಬೇಸ್ ಇದ್ದದ್ದು 9.6ರಲ್ಲಿ. ಆವೃತ್ತಿ ಹೊಂದದೆ ಕೆಲಸ ಸೋಲುತ್ತಲೇ ಇತ್ತು. ಸೋಲನ್ನು ತಿಳಿಸಲು ಕ್ರಾನ್ ಮೇಲ್ ಕಳಿಸುತ್ತಲೂ ಇತ್ತು. ಆದರೆ ಆ ಮೇಲ್‌ಗಳಿಗೆ ನಕಲಿ ಮೇಲ್ ತಡೆಯುವ ಡಿಮಾರ್ಕ್ ನಿಯಮ ಕೇಳುವ ಸಹಿ ಇರಲಿಲ್ಲ, ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು ಬೇರೊಂದು ಉದ್ದೇಶಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್. ನಡುವಿನ ಆರು ಗಂಟೆಗಳ ಮಾಹಿತಿ ಹೋದದ್ದು ಹೋಯಿತು.

ಅಲ್ಲಿ ಎಚ್ಚರಿಕೆಯ ವ್ಯವಸ್ಥೆ ಇತ್ತು. ಅದು ಸೋಲನ್ನು ತಿಳಿಸುವ ವ್ಯವಸ್ಥೆ. ಸೋಲಿನ ಸುದ್ದಿ ದಾರಿಯಲ್ಲಿ ಕಳೆದುಹೋದರೆ ಅದೂ ಎಲ್ಲ ಸರಿಯಿರುವುದೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ದಿಕ್ಕನ್ನು ತಿರುಗಿಸಿ. ಕೆಲಸ ಗೆದ್ದಾಗ ಹೊರಗಿನ ಒಂದು ಯಂತ್ರಕ್ಕೆ ಮುಗಿಯಿತು ಎಂಬ ಸಣ್ಣ ಸಂಕೇತ ಕಳಿಸಲಿ. ಆ ಯಂತ್ರ ಕಾಯುತ್ತಿರಲಿ. 26 ಗಂಟೆಯೊಳಗೆ ಸಂಕೇತ ಬರದಿದ್ದರೆ ಅದು ಕೂಗಲಿ. ಇದನ್ನು ನಾಡಿಮಿಡಿತದ ನಿಗಾ ಎನ್ನಬಹುದು. ಇದನ್ನೇ ಮಾಡಿಕೊಡುವ ಸೇವೆಗಳಿವೆ, ನೀವೇ ಪುಟ್ಟದಾಗಿ ಕಟ್ಟಿಕೊಳ್ಳಲೂಬಹುದು. ಒಂದೇ ಷರತ್ತು: ಕಾಯುವ ಯಂತ್ರ ಕೆಲಸ ಮಾಡುವ ಯಂತ್ರದಿಂದ ಬೇರೆಯಾಗಿರಬೇಕು.

26 ಏಕೆಂದರೆ 24 ಇಟ್ಟರೆ ನಕಲು ನಿನ್ನೆಗಿಂತ ಎರಡು ನಿಮಿಷ ತಡವಾದ ದಿನವೂ ಸುಳ್ಳು ಎಚ್ಚರಿಕೆ ಬರುತ್ತದೆ. ಸುಳ್ಳು ಎಚ್ಚರಿಕೆ ನಾಲ್ಕು ಬಾರಿ ಬಂದರೆ ಐದನೆಯದನ್ನು ಯಾರೂ ಓದುವುದಿಲ್ಲ.

ನಿಮಿಷಮುಳ್ಳು

ದತ್ತಾಂಶದೀಪ ಅವರ ಮಾತನ್ನು ಬ್ಯಾಕಪ್ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ಆದರೆ ಎಲ್ಲ ಕೆಲಸಗಳಿಗೂ ನಾಡಿಮಿಡಿತ ಕಟ್ಟಹೊರಟರೆ ನಿಗಾ ವ್ಯವಸ್ಥೆಯನ್ನು ನೋಡಿಕೊಳ್ಳುವುದೇ ಮುಖ್ಯ ಕೆಲಸವಾಗುತ್ತದೆ. ತಾತ್ಕಾಲಿಕ ಫೈಲ್‌ಗಳನ್ನು ಗುಡಿಸುವ ಕೆಲಸ ಒಂದು ದಿನ ತಪ್ಪಿದರೆ ಏನೂ ಆಗದು. ಅಂಥವಕ್ಕೆ ಗೆದ್ದರೆ ಮೌನ, ಸೋತರೆ ಮಾತು ಎಂಬ ಹಳೆಯ ಯುನಿಕ್ಸ್ ಕ್ರಮವೇ ಸಾಕು. ಮೋರ್‌ಯುಟಿಲ್ಸ್ ಎಂಬ ಪ್ಯಾಕೇಜ್‌ನಲ್ಲಿ ಕ್ರಾನಿಕ್ ಎಂಬ ಪುಟ್ಟ ಆದೇಶವಿದೆ. ನಿಮ್ಮ ಕೆಲಸವನ್ನು ಅದರ ಮೂಲಕ ಓಡಿಸಿದರೆ ಔಟ್‌ಪುಟ್ ಅನ್ನೆಲ್ಲ ಹಿಡಿದಿಟ್ಟುಕೊಂಡು, ಸೋತರೆ ಮಾತ್ರ ಹೊರಗೆ ಬಿಡುತ್ತದೆ.

ಔಟ್‌ಪುಟ್ ಮತ್ತು ದೋಷಸಂದೇಶ ಎರಡನ್ನೂ, ಬರೆದದ್ದನ್ನೆಲ್ಲ ನುಂಗಿಬಿಡುವ ಶೂನ್ಯ ಸಾಧನಕ್ಕೆ ತಿರುಗಿಸುವ ಸಾಲನ್ನು ಕ್ರಾನ್‌ಟ್ಯಾಬ್‌ಗಳಲ್ಲಿ ಎಲ್ಲೆಲ್ಲೂ ನೋಡುತ್ತೇನೆ. ಯಾರೋ ಬರೆದದ್ದನ್ನು ಯಾರೋ ನಕಲಿಸುತ್ತಾ ಹೋಗುತ್ತಾರೆ. ದಯವಿಟ್ಟು ಅದನ್ನು ಬಿಡಿ. ಮೇಲ್ ಬೇಡವಾದರೆ ಲಾಗ್ ಫೈಲ್‌ಗಾದರೂ ಬರೆಯಿರಿ.

ದತ್ತಾಂಶದೀಪ

ಎಲ್ಲಕ್ಕೂ ಬೇಡ, ಒಪ್ಪಿದೆ. ನನ್ನ ಅಳತೆ ಹೀಗಿದೆ: ಈ ಕೆಲಸ ಒಂದು ತಿಂಗಳು ನಡೆಯದಿದ್ದರೆ ನನಗೆ ಹೇಗೆ ಗೊತ್ತಾಗುತ್ತದೆ? ಬೇರೆ ಯಾವುದಾದರೂ ದಾರಿಯಿಂದ ಗೊತ್ತಾಗುವಂತಿದ್ದರೆ ನಾಡಿಮಿಡಿತ ಬೇಡ. ಗೊತ್ತಾಗುವ ದಾರಿಯೇ ಇಲ್ಲದಿದ್ದರೆ ಬೇಕೇ ಬೇಕು. ಜಾಲತಾಣದ ಗುರುತನ್ನು ಖಚಿತಪಡಿಸುವ ಟಿಎಲ್‌ಎಸ್ ಪ್ರಮಾಣಪತ್ರಗಳ ನವೀಕರಣ ಇದಕ್ಕೆ ಒಳ್ಳೆಯ ನಿದರ್ಶನ. ಅವನ್ನು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ 90 ದಿನಗಳ ಪ್ರಮಾಣಪತ್ರವನ್ನು 30 ದಿನ ಬಾಕಿ ಇರುವಾಗಲೇ ನವೀಕರಿಸುವುದು ವಾಡಿಕೆ. ಆ ಕೆಲಸ ಕೆಟ್ಟರೆ ಒಂದು ತಿಂಗಳು ಎಲ್ಲವೂ ಸರಿಯಿದ್ದಂತೆ ಕಂಡು, ಒಂದು ಬೆಳಿಗ್ಗೆ ಎಲ್ಲ ಬಳಕೆದಾರರಿಗೂ ಒಟ್ಟಿಗೆ ಮುರಿಯುತ್ತದೆ. ಅಲ್ಲಿ ನಾಡಿಮಿಡಿತಕ್ಕಿಂತ ಫಲಿತಾಂಶವನ್ನೇ ನೋಡುವುದು ಮೇಲು: ಪ್ರಮಾಣಪತ್ರಕ್ಕೆ 20 ದಿನಕ್ಕಿಂತ ಕಡಿಮೆ ಆಯಸ್ಸು ಉಳಿದಿದ್ದರೆ ಎಚ್ಚರಿಸು.

ಬ್ಯಾಕಪ್‌ನಲ್ಲಿ ಫಲಿತಾಂಶ ನೋಡುವುದೆಂದರೆ ಅದನ್ನು ಮರುಸ್ಥಾಪಿಸಿ ನೋಡುವುದು. ಕಡತಪಾಲಕ ಅವರೇ, ವಾರಕ್ಕೊಮ್ಮೆ ಇತ್ತೀಚಿನ ನಕಲನ್ನು ಖಾಲಿ ಡೇಟಾಬೇಸ್‌ಗೆ ತುಂಬಿ, ಮುಖ್ಯ ಕೋಷ್ಟಕದ ಕೊನೆಯ ದಾಖಲೆಯ ದಿನಾಂಕ ನೋಡುವ ಎರಡನೆಯ ನಿಗದಿತ ಕೆಲಸ ಹಾಕಿಕೊಳ್ಳಿ.

ಕಡತಪಾಲಕ

ಹಾಕಿಕೊಳ್ಳುತ್ತೇನೆ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇರಲಿ ಎಂದು ಯೋಚಿಸಿ ಹೀಗೆ ಬರೆದೆ. ಸರಿಯೇ?

0 9 1-7 * 1

ಹಳೆಯಟರ್ಮಿನಲ್

ಸರಿಯಿಲ್ಲ. ಇದು ಕ್ರಾನ್‌ನ ಅತಿ ಹಳೆಯ ಬಲೆ. ಐದು ಅಂಕಣಗಳು ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ ಎಂಬ ಕ್ರಮದಲ್ಲಿವೆ. ಬೇರೆ ಅಂಕಣಗಳೆಲ್ಲ ಒಟ್ಟಿಗೆ ಹೊಂದಬೇಕು. ಆದರೆ ತಿಂಗಳ ದಿನ ಮತ್ತು ವಾರದ ದಿನ ಎರಡಕ್ಕೂ ನಿರ್ಬಂಧ ಹಾಕಿದರೆ ಅವುಗಳಲ್ಲಿ ಒಂದು ಹೊಂದಿದರೂ ಸಾಕು. ನಿಮ್ಮ ಸಾಲು 1ರಿಂದ 7ರವರೆಗೆ ಪ್ರತಿದಿನವೂ ಓಡುತ್ತದೆ, ಜೊತೆಗೆ ತಿಂಗಳ ಎಲ್ಲ ಸೋಮವಾರಗಳಲ್ಲೂ ಓಡುತ್ತದೆ.

ವಾರದ ದಿನದ ಜಾಗದಲ್ಲಿ ನಕ್ಷತ್ರ ಹಾಕಿ 1-7 ಮಾತ್ರ ಇಡಿ. ಇಂದು ಸೋಮವಾರವೇ ಎಂಬ ಪ್ರಶ್ನೆಯನ್ನು ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಕೇಳಿ, ಅಲ್ಲದಿದ್ದರೆ ಅಲ್ಲೇ ಮುಗಿಸಿ. ತಿಂಗಳ ಕೊನೆಯ ದಿನಕ್ಕೂ ಇದೇ ಉಪಾಯ: 28-31 ಎಂದು ಬರೆದು, ನಾಳೆಯ ದಿನಾಂಕ 1 ಆಗಿದ್ದರೆ ಮಾತ್ರ ಮುಂದುವರಿಯಿರಿ. 31 ಎಂದಷ್ಟೇ ಬರೆದರೆ ವರ್ಷಕ್ಕೆ ಏಳು ಬಾರಿ ಮಾತ್ರ ಓಡುತ್ತದೆ.

ಈ ಪ್ರಶ್ನೆಯನ್ನು ಕ್ರಾನ್‌ಟ್ಯಾಬ್ ಸಾಲಿನಲ್ಲೇ ಕೇಳಹೊರಟರೆ ಶೇಕಡಾ ಚಿಹ್ನೆಯ ಬಗ್ಗೆ ಎಚ್ಚರ. ದಿನಾಂಕದ ಆದೇಶಕ್ಕೆ ಆ ಚಿಹ್ನೆ ಬೇಕು. ಆದರೆ ಕ್ರಾನ್‌ಟ್ಯಾಬ್‌ನಲ್ಲಿ ಅದಕ್ಕೆ ಹೊಸ ಸಾಲು ಎಂಬ ಅರ್ಥ. ಮೊದಲ % ಆದಮೇಲಿನದ್ದೆಲ್ಲ ಆದೇಶದ ಒಳಹರಿವಾಗಿ ಹೋಗುತ್ತದೆ. ಹಿಂದೆ ಓರೆಗೆರೆ ಸೇರಿಸಿ \% ಎಂದು ಬರೆಯಬೇಕು. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಸಾಲು ಕ್ರಾನ್‌ನಲ್ಲಿ ಅರ್ಧಕ್ಕೆ ತುಂಡಾಗುವುದಕ್ಕೆ ಪಾಥ್ ಬಿಟ್ಟರೆ ಇದೇ ಕಾರಣ.

ನಿಮಿಷಮುಳ್ಳು

ಅಂಕಣಗಳ ಮಾತು ಬಂದದ್ದಕ್ಕೆ ಇನ್ನೊಂದು. ನಿಮಿಷದ ಜಾಗದಲ್ಲಿ */7 ಎಂದರೆ ಏಳು ನಿಮಿಷಕ್ಕೊಮ್ಮೆ ಎಂದು ಓದಿಕೊಳ್ಳುತ್ತಾರೆ. ಕ್ರಾನ್‌ಗೆ ಹಿಂದಿನ ಬಾರಿ ಯಾವಾಗ ಓಡಿದೆ ಎಂಬ ನೆನಪೇ ಇಲ್ಲ. ಪ್ರತಿ ನಿಮಿಷ ಎದ್ದು, ಈ ನಿಮಿಷ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ. ಪಟ್ಟಿ 0, 7, 14 ಎನ್ನುತ್ತಾ 56ರವರೆಗೆ ಹೋಗಿ ಮತ್ತೆ 0ಗೆ ಬರುತ್ತದೆ. 56ರಿಂದ ಮುಂದಿನ 0ಗೆ ಇರುವುದು ನಾಲ್ಕೇ ನಿಮಿಷ. */35 ಎಂದರೆ 35, 25, 35, 25 ನಿಮಿಷಗಳ ಅಂತರ. 60 ಅನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳಿಗಷ್ಟೇ ಸಮ ಅಂತರ ಸಿಗುತ್ತದೆ. ಹಿಂದಿನ ಓಟ ಮುಗಿದ ಮೇಲೆ ಇಷ್ಟು ಹೊತ್ತು ಎಂಬ ಲೆಕ್ಕ ಬೇಕಿದ್ದರೆ ಕ್ರಾನ್ ಅದಕ್ಕೆ ತಕ್ಕ ಉಪಕರಣವಲ್ಲ.

ಇನ್ನು ಎಲ್ಲವನ್ನೂ ಮಧ್ಯರಾತ್ರಿ 0 ಗಂಟೆ 0 ನಿಮಿಷಕ್ಕೆ ಇಡುವ ಚಟ. ನೂರು ಯಂತ್ರಗಳು ಒಂದೇ ಸೆಕೆಂಡಿಗೆ ಎದ್ದು ಒಂದೇ ಸಂಗ್ರಹದ ಬಾಗಿಲು ಬಡಿಯುತ್ತವೆ. ಡೆಬಿಯನ್ ಕಟ್ಟಿದವರು ಏನು ಮಾಡಿದ್ದಾರೆ ನೋಡಿ: ಗಂಟೆಯ ಕೆಲಸ 17ನೇ ನಿಮಿಷಕ್ಕೆ, ದಿನದ ಕೆಲಸ 6:25ಕ್ಕೆ, ವಾರದ್ದು ಭಾನುವಾರ 6:47ಕ್ಕೆ, ತಿಂಗಳದ್ದು 1ನೇ ತಾರೀಕು 6:52ಕ್ಕೆ. ದುಂಡು ಸಂಖ್ಯೆ ಒಂದೂ ಇಲ್ಲ, ಒಂದರ ಮೇಲೊಂದು ಬೀಳುವುದೂ ಇಲ್ಲ. ತಂತ್ರಾಂಶ ಕಟ್ಟುವ ಕೆಲಸಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್‌ನಲ್ಲಿ ನಿಮಿಷದ ಜಾಗಕ್ಕೆ ಎಚ್ ಅಕ್ಷರ ಬರೆದರೆ ಕೆಲಸದ ಹೆಸರಿನಿಂದ ಲೆಕ್ಕ ಹಾಕಿ ಪ್ರತಿಯೊಂದಕ್ಕೂ ಅದರದೇ ನಿಮಿಷ ಹಂಚುತ್ತದೆ. ಎಲ್ಲ ವ್ಯವಸ್ಥೆಗಳಲ್ಲೂ ಇರಬೇಕಿದ್ದ ಸೌಲಭ್ಯ ಅದು.

ಬಿಂದುರೇಖೆ

ನೆನಪೇ ಇಲ್ಲ ಎಂದಿರಲ್ಲ, ನನ್ನ ಆಕ್ಷೇಪ ಅಲ್ಲಿಂದಲೇ ಶುರುವಾಗುತ್ತದೆ. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಇಡೀ ಯಂತ್ರಕ್ಕೆ ಒಂದೇ ಕ್ರಾನ್‌ಟ್ಯಾಬ್ ಇತ್ತು. ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್ ಇಂದಿನ ಬಹುತೇಕ ಲಿನಕ್ಸ್ ಕ್ರಾನ್‌ಗಳ ಮೂಲ. ರೆಡ್ ಹ್ಯಾಟ್ ಬಳಗದ ಕ್ರೋನಿ ಕೂಡ ಅದರದೇ ಕವಲು. ಸದಾ ಆನ್ ಇರುವ, ಹತ್ತಿರ ನಿರ್ವಾಹಕನಿರುವ ಯಂತ್ರಕ್ಕೆ ಅದು ಸಾಕಾಗಿತ್ತು. ಈಗಿನ ಅಗತ್ಯಗಳಿಗೆ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಕೆಲಸ ಒಂದು ಸರ್ವಿಸ್ ಫೈಲ್‌ನಲ್ಲಿ, ವೇಳೆ ಒಂದು ಟೈಮರ್ ಫೈಲ್‌ನಲ್ಲಿ. ಹೀಗಾಗಿ ವೇಳೆಗೆ ಕಾಯದೆ, ಟೈಮರ್ ಓಡಿಸುವ ಅದೇ ಪರಿಸರದಲ್ಲಿ ಕೆಲಸವನ್ನು ಕೈಯಿಂದಲೇ ಓಡಿಸಿ ನೋಡಬಹುದು. ಈ ಚರ್ಚೆ ಶುರುವಾದ ಸಮಸ್ಯೆಯೇ ಅಲ್ಲಿ ಬಹುಮಟ್ಟಿಗೆ ಹುಟ್ಟುವುದಿಲ್ಲ. ಔಟ್‌ಪುಟ್ ತಾನಾಗಿ ಜರ್ನಲ್ ಎಂಬ ಅದರ ಲಾಗ್ ಸೇರುತ್ತದೆ. ಪರ್ಸಿಸ್ಟೆಂಟ್ ಆಯ್ಕೆ ಆನ್ ಮಾಡಿದರೆ, ಯಂತ್ರ ಆಫ್ ಇದ್ದಾಗ ತಪ್ಪಿದ ಕ್ಯಾಲೆಂಡರ್ ವೇಳೆಯ ಕೆಲಸ ಯಂತ್ರ ಮತ್ತೆ ಎದ್ದಮೇಲೆ ಒಮ್ಮೆ ನಡೆಯುತ್ತದೆ. ಯಾದೃಚ್ಛಿಕ ವಿಳಂಬದ ಆಯ್ಕೆಯಿಂದ ನೂರು ಯಂತ್ರಗಳು ಚದುರಿಕೊಳ್ಳುತ್ತವೆ. ಹಿಂದಿನ ಓಟ ಇನ್ನೂ ನಡೆಯುತ್ತಿದ್ದರೆ ಎರಡನೆಯದು ಶುರುವಾಗುವುದಿಲ್ಲ. ಬರೆದ ವೇಳೆ ಮುಂದೆ ಯಾವ ಯಾವ ಕ್ಷಣಕ್ಕೆ ಬೀಳುತ್ತದೆ ಎಂದು ಮೊದಲೇ ತೋರಿಸುವ ಆದೇಶವೂ ಇದೆ.

ಒಂದು ಸೂಕ್ಷ್ಮ ಗೊತ್ತಿರಲಿ: ಅದರ ನಿಖರತೆಯ ಮೂಲ ಹೊಂದಿಕೆ 1 ನಿಮಿಷ. ವಿದ್ಯುತ್ ಉಳಿಸಲು ಆ ಅವಧಿಯೊಳಗೆ ಹಲವು ಟೈಮರ್‌ಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಸೆಕೆಂಡಿನ ನಿಖರತೆ ಬೇಕಾದರೆ ಕೇಳಿ ಪಡೆಯಬೇಕು.

ಹಳೆಯಟರ್ಮಿನಲ್

ಇವೆಲ್ಲ ನಿಜ, ಆದರೂ ಒಂದು ಸಾಲಿನ ಜಾಗದಲ್ಲಿ ಎರಡು ಫೈಲ್ ಬರೆಯುವ ಭಾರವನ್ನು ಕಡೆಗಣಿಸಬಾರದು. ಕ್ರಾನ್‌ಟ್ಯಾಬ್ ತೆರೆದರೆ ಯಂತ್ರದ ಇಡೀ ದಿನಚರಿ ಒಂದೇ ಪುಟದಲ್ಲಿ ಕಾಣುತ್ತದೆ. ಸಿಸ್ಟಮ್‌ಡಿ ಇಲ್ಲದ ಬಿಎಸ್‌ಡಿ ಯಂತ್ರಗಳಿಗೂ ಅದೇ ಬರವಣಿಗೆ ಹೋಗುತ್ತದೆ. ಆಫ್ ಆಗುವ ಯಂತ್ರಗಳಿಗೆ ಅನಾಕ್ರಾನ್ ಬಹುಕಾಲದಿಂದ ಇದೆ. ಕೆಲಸ ಕೊನೆಯ ಬಾರಿ ಯಾವ ದಿನ ನಡೆಯಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ.

ಒಂದರ ಮೇಲೊಂದು ಬೀಳುವುದಕ್ಕೆ ಕ್ರಾನ್‌ನಲ್ಲೂ ಮದ್ದಿದೆ, ಅದೇ ಫೈಲ್ ಒಂದಕ್ಕೆ ಬೀಗ ಹಾಕಿ ಕೆಲಸ ಓಡಿಸುವ ಫ್ಲಾಕ್ ಆದೇಶ. ಕೆಲಸವನ್ನು ಕಾಯದಿರುವ ಆಯ್ಕೆಯೊಂದಿಗೆ ಫ್ಲಾಕ್ ಮೂಲಕ ಓಡಿಸಿದರೆ, ಬೀಗ ಬೇರೊಬ್ಬರ ಕೈಯಲ್ಲಿದ್ದಾಗ ತಕ್ಷಣ ಹಿಂದಿರುಗುತ್ತದೆ. ಓಡುತ್ತಿರುವ ಪ್ರಕ್ರಿಯೆಯ ಸಂಖ್ಯೆಯನ್ನು ಪಿಐಡಿ ಫೈಲ್‌ನಲ್ಲಿ ಬರೆದು ಕೈಯಾರೆ ಬೀಗ ಕಟ್ಟುವವರಿದ್ದಾರೆ. ಸ್ಕ್ರಿಪ್ಟ್ ನಡುವೆ ಸತ್ತರೆ ಆ ಫೈಲ್ ಹಾಗೆಯೇ ಉಳಿದು, ಮುಂದಿನ ಎಲ್ಲ ಓಟಗಳೂ ನಡೆಯುತ್ತಿದೆ ಎಂದು ತಿಳಿದು ಹಿಂದಿರುಗುತ್ತವೆ. ಫ್ಲಾಕ್‌ನ ಬೀಗ ಕರ್ನೆಲ್‌ನದು. ಅದನ್ನು ಹಿಡಿದ ಪ್ರಕ್ರಿಯೆಗಳೆಲ್ಲ ಸತ್ತೊಡನೆ ತಾನೇ ಬಿಚ್ಚಿಕೊಳ್ಳುತ್ತದೆ. ಎಲ್ಲ ಎಂಬುದನ್ನು ಗಮನಿಸಿ: ಸ್ಕ್ರಿಪ್ಟ್ ಹಿನ್ನೆಲೆಗೆ ಬಿಟ್ಟ ಮರಿ ಪ್ರಕ್ರಿಯೆಯೂ ಬೀಗವನ್ನು ಹಿಡಿದಿರುತ್ತದೆ.

ಫ್ಲಾಕ್ ಜೊತೆಗೆ, ಮಿತಿ ಮೀರಿದ ಕೆಲಸವನ್ನು ನಿಲ್ಲಿಸುವ ಟೈಮ್‌ಔಟ್ ಆದೇಶವನ್ನೂ ಸೇರಿಸಿ. ಬೀಗ ಹಿಡಿದು ಶಾಶ್ವತವಾಗಿ ನೇತಾಡುವ ಕೆಲಸ ಉಳಿದ ಓಟಗಳನ್ನೆಲ್ಲ ತಡೆಯುತ್ತದೆ. ಇದು ಟೈಮರ್‌ಗೂ ಅನ್ವಯಿಸುತ್ತದೆ, ಬಿಂದುರೇಖೆ ಅವರೇ. ಒಮ್ಮೆ ಓಡಿ ಮುಗಿಯುವ ಒನ್‌ಶಾಟ್ ಬಗೆಯ ಸರ್ವಿಸ್‌ಗೆ ಶುರುವಿನ ಕಾಲಮಿತಿ ಮೂಲ ಹೊಂದಿಕೆಯಲ್ಲಿ ಇರುವುದಿಲ್ಲ.

ಬಿಂದುರೇಖೆ

ಆ ಕೊನೆಯ ಮಾತು ಮುಖ್ಯವಾದದ್ದು. ಆ ಕಾಲಮಿತಿಯ ಹೊಂದಿಕೆಯಾದ ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಅನ್ನು ಸ್ಪಷ್ಟವಾಗಿ ಬರೆಯಬೇಕು.

ಮೋಡದಕೆಲಸ

ತಡವಾಗಿ ಬಂದೆ. ರಾತ್ರಿ 2:30 ಎಂಬ ವೇಳೆಯ ಬಗ್ಗೆಯೇ ಯಾರೂ ಮಾತನಾಡಿಲ್ಲ. ಬೇಸಿಗೆ ಸಮಯಕ್ಕಾಗಿ ಗಡಿಯಾರ ತಿರುಗಿಸುವ ವಲಯಗಳಲ್ಲಿ ಆ ವೇಳೆ ಅಪಾಯದ್ದು. ಅಮೆರಿಕದ ನಿಯಮದಲ್ಲಿ ವಸಂತದ ಒಂದು ಭಾನುವಾರ 2 ಗಂಟೆಯಾದೊಡನೆ ಗಡಿಯಾರ 3ಕ್ಕೆ ಜಿಗಿಯುತ್ತದೆ. ಆ ದಿನ 2:30 ಎಂಬ ಕ್ಷಣವೇ ಇಲ್ಲ. ಶರತ್ಕಾಲದಲ್ಲಿ 1:30 ಎರಡು ಬಾರಿ ಬರುತ್ತದೆ. ವಿಕ್ಸಿ ಕ್ರಾನ್ ಮೂರು ಗಂಟೆಗಿಂತ ಕಡಿಮೆಯ ಜಿಗಿತವನ್ನು ಗುರುತಿಸಿ, ನಿಗದಿತ ವೇಳೆಯ ಕೆಲಸ ತಪ್ಪದಂತೆ, ಎರಡು ಬಾರಿ ಆಗದಂತೆ ನೋಡಿಕೊಳ್ಳುತ್ತದೆ. ಎಲ್ಲ ವೇಳಾಪಟ್ಟಿ ತಂತ್ರಾಂಶಗಳೂ ಅಷ್ಟು ಎಚ್ಚರದಿಂದಿಲ್ಲ. ಸರ್ವರ್‌ಗಳನ್ನು ಎಂದೂ ಜಿಗಿಯದ ಜಾಗತಿಕ ಸಮಯವಾದ ಯುಟಿಸಿಯಲ್ಲೇ ಇಟ್ಟರೆ ಈ ತಲೆನೋವೇ ಇಲ್ಲ.

ಸಮಯದ ಬಗ್ಗೆ ಇನ್ನೊಂದು. ಸ್ಕ್ರಿಪ್ಟ್ ಇಂದು ಯಾವ ದಿನ ಎಂದು ಗಡಿಯಾರವನ್ನು ಕೇಳುವಂತೆ ಬರೆಯಬೇಡಿ. ಯಾವ ದಿನದ ಕೆಲಸ ಎಂಬುದನ್ನು ಹೊರಗಿನಿಂದ ಆರ್ಗ್ಯುಮೆಂಟ್ ಆಗಿ ಕೊಡಿ. 23:55ಕ್ಕೆ ಶುರುವಾದ ವರದಿ ಮಧ್ಯರಾತ್ರಿ ದಾಟಿದರೆ ಮೊದಲರ್ಧ ಒಂದು ದಿನದ್ದು, ಉಳಿದರ್ಧ ಮರುದಿನದ್ದು ಆಗುತ್ತದೆ. ಕಳೆದ ವಾರ ತಪ್ಪಿದ ಮೂರು ದಿನಗಳನ್ನು ಮತ್ತೆ ಓಡಿಸಬೇಕಾದಾಗಲೂ ದಿನಾಂಕ ಕೊಡುವ ದಾರಿ ಇದ್ದರೆ ಕೆಲಸ ನಿಮಿಷದ್ದು. ಒಂದೇ ದಿನವನ್ನು ಎರಡು ಬಾರಿ ಓಡಿಸಿದರೂ ಫಲಿತಾಂಶ ಒಂದೇ ಆಗಿರುವಂತೆ ಬರೆದರಂತೂ, ಓಡಿತೋ ಇಲ್ಲವೋ ಎಂಬ ಅನುಮಾನ ಬಂದಾಗ ಧೈರ್ಯವಾಗಿ ಮತ್ತೊಮ್ಮೆ ಓಡಿಸಬಹುದು.

ನಿಮಿಷಮುಳ್ಳು

ಮರೆಯುವ ಮೊದಲು ಎರಡು ಚಿಕ್ಕ ಎಚ್ಚರಿಕೆಗಳು. ಡೆಬಿಯನ್‌ನಲ್ಲಿ ದಿನದ ಕೆಲಸಗಳ ಡೈರೆಕ್ಟರಿಗೆ ನಕಲು.ಎಸ್‌ಎಚ್ ಎಂಬ ಹೆಸರಿನ ಫೈಲ್ ಹಾಕಿದರೆ ಅದು ಎಂದೂ ಓಡುವುದಿಲ್ಲ. ಆ ಡೈರೆಕ್ಟರಿಯ ಕೆಲಸಗಳನ್ನು ಓಡಿಸುವ ರನ್-ಪಾರ್ಟ್ಸ್ ಎಂಬ ಆದೇಶ, ಹೆಸರಿನಲ್ಲಿ ಚುಕ್ಕೆ ಇರುವ ಫೈಲ್‌ಗಳನ್ನು ದಾಟಿ ಹೋಗುತ್ತದೆ. ಎರಡನೆಯದು, ಕ್ರಾನ್‌ಟ್ಯಾಬ್ ತಿದ್ದುವ ಆಯ್ಕೆ ಇ, ಪೂರ್ತಿ ಅಳಿಸುವ ಆಯ್ಕೆ ಆರ್. ಕೀಲಿಮಣೆಯಲ್ಲಿ ಎರಡೂ ಅಕ್ಕಪಕ್ಕ. ಅಳಿಸುವ ಮುನ್ನ ಅದು ಕೇಳುವುದೂ ಇಲ್ಲ. ಕ್ರಾನ್‌ಟ್ಯಾಬ್ ಅನ್ನು, ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿರುವ ಫೈಲ್ ಆಗಿ ಇಟ್ಟುಕೊಂಡು ಅಲ್ಲಿಂದಲೇ ಸ್ಥಾಪಿಸಿ, ಯಂತ್ರದಲ್ಲಿ ನೇರವಾಗಿ ತಿದ್ದಬೇಡಿ. ಪ್ರತಿ ಸಾಲಿನ ಮೇಲೆ ಇದು ಏಕೆ ಇದೆ, ಯಾರ ಹೊಣೆ ಎಂಬ ಟಿಪ್ಪಣಿಯನ್ನೂ ಬರೆಯಿರಿ.

ಕಿಟಕಿಬಳಿ

ವಿಂಡೋಸ್ ಬಳಸುವವರಿಗೂ ಒಂದು ಮಾತು ಇರಲಿ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಕೆಲಸ ಸೃಷ್ಟಿಸಿದಾಗ ಕೆಲವು ಹೊಂದಿಕೆಗಳು ತಾವಾಗಿ ಬರುತ್ತವೆ: ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೆ ಶುರು ಮಾಡಬೇಡ, 3 ದಿನಕ್ಕಿಂತ ಹೆಚ್ಚು ಓಡಿದರೆ ನಿಲ್ಲಿಸು. ತಪ್ಪಿದ ಕೆಲಸವನ್ನು ಸಾಧ್ಯವಾದಷ್ಟು ಬೇಗ ಓಡಿಸು ಎಂಬುದು ಮಾತ್ರ ಆಫ್ ಆಗಿರುತ್ತದೆ. ಯಾವ ಡೈರೆಕ್ಟರಿಯಿಂದ ಶುರುವಾಗಬೇಕು ಎಂಬ ಖಾನೆಯನ್ನು ಖಾಲಿ ಬಿಟ್ಟರೆ ಸಾಪೇಕ್ಷ ದಾರಿ ಬಳಸುವ ಸ್ಕ್ರಿಪ್ಟ್‌ಗಳು ತಮ್ಮ ಫೈಲ್‌ಗಳನ್ನು ಬೇರೆಲ್ಲೋ ಹುಡುಕುತ್ತವೆ. ಮ್ಯಾಕ್‌ನ ಲಾಂಚ್‌ಡಿ ನಿದ್ರೆಯಲ್ಲಿ ತಪ್ಪಿದ ಕ್ಯಾಲೆಂಡರ್ ಕೆಲಸವನ್ನು ಎದ್ದಮೇಲೆ ಒಮ್ಮೆ ಓಡಿಸುತ್ತದೆ. ಪೂರ್ತಿ ಆಫ್ ಆಗಿದ್ದರೆ ಓಡಿಸುವುದಿಲ್ಲ.

ಕಡತಪಾಲಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆ. ಪೈಪ್‌ಫೇಲ್, ತಾತ್ಕಾಲಿಕ ಹೆಸರು, ಫ್ಲಾಕ್, ಬೇರೆ ಯಂತ್ರದಲ್ಲಿ ನಾಡಿಮಿಡಿತ ಎಲ್ಲವನ್ನೂ ಹಾಕಿದ್ದೇನೆ. ಮರುಸ್ಥಾಪನೆಯ ಪರೀಕ್ಷೆಯನ್ನು ಟೈಮರ್ ಆಗಿ ಬರೆದೆ, ಪರ್ಸಿಸ್ಟೆಂಟ್ ಆನ್ ಇದೆ. ನಕಲು ತೆಗೆಯುವ ಕೆಲಸ ಕ್ರಾನ್‌ನಲ್ಲೇ ಉಳಿಯಿತು.

ಇನ್ನೊಂದೇ ಪ್ರಶ್ನೆ. ಕೆಲವು ಕೆಲಸಗಳನ್ನು ಮುಂದೆ, ಹಲವು ಯಂತ್ರಗಳ ಮೇಲೆ ಕೆಲಸಗಳನ್ನು ಹಂಚಿ ಓಡಿಸುವ ಕುಬರ್ನೆಟಿಸ್‌ಗೆ ಸಾಗಿಸುವ ಯೋಚನೆಯಿದೆ. ಅಲ್ಲಿನ ಕ್ರಾನ್‌ಜಾಬ್ ಕೂಡ ಇದೇ ಐದು ಅಂಕಣಗಳನ್ನು ಓದುತ್ತದೆ ಎಂದು ನೋಡಿದೆ. ಹಾಗೆಯೇ ಎತ್ತಿ ಇಡಬಹುದೇ?

ಮೋಡದಕೆಲಸ

ಸಾಲನ್ನು ಎತ್ತಿ ಇಡಬಹುದು, ಅದರ ಸುತ್ತಲಿನ ಹೊಂದಿಕೆಗಳನ್ನು ಹೊಸದಾಗಿ ಯೋಚಿಸಬೇಕು. ಹಿಂದಿನ ಓಟ ಮುಗಿಯದಿದ್ದರೂ ಹೊಸದನ್ನು ಶುರು ಮಾಡುವುದು ಅಲ್ಲಿನ ಮೂಲ ಹೊಂದಿಕೆ. ಕನ್ಕರೆನ್ಸಿಪಾಲಿಸಿಯನ್ನು ಫರ್ಬಿಡ್ ಎಂದು ಬದಲಿಸಿ. ಸಮಯವಲಯವನ್ನೂ ಬರೆಯಿರಿ, ಬರೆಯದಿದ್ದರೆ ನಿಯಂತ್ರಕ ಯಂತ್ರದ ವಲಯವೇ ಲೆಕ್ಕಕ್ಕೆ ಬರುತ್ತದೆ. ಆ ಸೌಲಭ್ಯ 1.27ನೇ ಆವೃತ್ತಿಯಿಂದ ಸ್ಥಿರವಾಗಿದೆ. ಅಪರೂಪಕ್ಕೆ ಒಂದೇ ವೇಳೆಗೆ ಎರಡು ಕೆಲಸ ಹುಟ್ಟಬಹುದು, ಒಂದೂ ಹುಟ್ಟದೇ ಇರಬಹುದು ಎಂದು ಅವರ ದಾಖಲೆಗಳೇ ಹೇಳುತ್ತವೆ. ಆದ್ದರಿಂದ ಎರಡು ಬಾರಿ ಓಡಿದರೂ ಕೆಡದ ಸ್ಕ್ರಿಪ್ಟ್‌ಗಳನ್ನಷ್ಟೇ ಅಲ್ಲಿಗೆ ಸಾಗಿಸಿ, ನಾಡಿಮಿಡಿತವನ್ನು ಜೊತೆಗೇ ಒಯ್ಯಿರಿ.

ಮುಖ್ಯವಾದದ್ದು ಸ್ಟಾರ್ಟಿಂಗ್‌ಡೆಡ್‌ಲೈನ್‌ಸೆಕೆಂಡ್ಸ್, ಅಂದರೆ ಎಷ್ಟು ಸೆಕೆಂಡು ತಡವಾದರೂ ಶುರು ಮಾಡಬಹುದು ಎಂಬ ಮಿತಿ. ಇದನ್ನು ಖಾಲಿ ಬಿಟ್ಟಾಗ, ಕೊನೆಯ ಓಟದಿಂದೀಚೆಗೆ ತಪ್ಪಿದ ವೇಳೆಗಳು 100 ದಾಟಿದ್ದರೆ ನಿಯಂತ್ರಕ ಕೆಲಸ ಶುರು ಮಾಡದೆ ದೋಷವನ್ನಷ್ಟೇ ಬರೆಯುತ್ತದೆ ಎಂದೂ ಅವರ ದಾಖಲೆಗಳು ಹೇಳುತ್ತವೆ. ನಿಮಿಷಕ್ಕೊಮ್ಮೆ ಓಡುವ ಕೆಲಸಕ್ಕೆ ಎರಡು ಗಂಟೆಯ ಅಡಚಣೆಯೇ ಸಾಕು. ಮಿತಿ ಬರೆದರೆ ಆ ಅವಧಿಯೊಳಗೆ ತಪ್ಪಿದವುಗಳನ್ನು ಮಾತ್ರ ಎಣಿಸುತ್ತದೆ. ಅಂಥ ಕೆಲಸಕ್ಕೆ 200 ಸೆಕೆಂಡು ಹಾಕಿ. 10ಕ್ಕಿಂತ ಕಡಿಮೆ ಮಾತ್ರ ಇಡಬೇಡಿ, ಏಕೆಂದರೆ ನಿಯಂತ್ರಕ ಪರಿಶೀಲಿಸುವುದೇ 10 ಸೆಕೆಂಡಿಗೊಮ್ಮೆ.